ಮಗನಿಗೆ ರಗ್ಬಿ ಲೀಗ್ ಆಡಬೇಕಂತೆ: ಬಿಡಬೇಕಾ, ತಡೆಯಬೇಕಾ?

ಬ್ರಿಸ್ಬೇನ್ ಅಪ್ಪ

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಮಾತು ಬೇಕಿದೆ. ನನ್ನ ಮಗನಿಗೆ ಈಗ 14. ಇಲ್ಲೇ ಬ್ರಿಸ್ಬೇನ್‌ನಲ್ಲಿ ಬೆಳೆದವನು. ಎಂಟನೇ ವಯಸ್ಸಿನಿಂದ ನಮ್ಮ ಬಡಾವಣೆಯ ಕ್ಲಬ್‌ನಲ್ಲಿ ರಗ್ಬಿ ಲೀಗ್ ಆಡುತ್ತಿದ್ದಾನೆ. ಹಾಫ್‌ಬ್ಯಾಕ್, ಅಂದರೆ ಆಟವನ್ನು ನಡೆಸುವ ಜಾಗ. ಹೋದ ವಾರ ಆಯ್ದ ಹುಡುಗರ ತರಬೇತಿಗೆ ಕರೆ ಬಂತು. "ದೊಡ್ಡವನಾದ ಮೇಲೆ ಇದೇ ನನ್ನ ಕೆಲಸ" ಅನ್ನುತ್ತಿದ್ದಾನೆ. ಅವನ ಅಮ್ಮನಿಗೆ ಸುತರಾಂ ಇಷ್ಟವಿಲ್ಲ. ನಾನು ಹೋಗಲಿ ಅನ್ನುವ ಕಡೆ.

ಆಟ ಗೊತ್ತಿಲ್ಲದವರಿಗೆ: ಇದು 13 ಜನರ ರಗ್ಬಿ. ಚೆಂಡು ಹಿಡಿದ ತಂಡವನ್ನು ಎದುರಾಳಿಗಳು ಆರು ಸಲ ಹಿಡಿದು ಕೆಡವುವಷ್ಟರಲ್ಲಿ ಏನಾದರೂ ಮಾಡಬೇಕು. ಇಲ್ಲದಿದ್ದರೆ ಚೆಂಡು ಅವರ ಪಾಲು. 80 ನಿಮಿಷ ಮೈಗೆ ಮೈ ಗುದ್ದುವ ಆಟ.

ನಾನು ಹೋಗಲಿ ಅನ್ನುವುದಕ್ಕೆ ಕಾರಣ ಬೆನ್ ಹಂಟ್. 2015ರ ಅಕ್ಟೋಬರ್ 4, ಸಿಡ್ನಿಯಲ್ಲಿ ಎನ್‌ಆರ್‌ಎಲ್ ಫೈನಲ್, ಅಂದರೆ ಇಲ್ಲಿನ ದೊಡ್ಡ ರಗ್ಬಿ ಲೀಗ್ ಟೂರ್ನಿಯದ್ದು. ನಮ್ಮ ಬ್ರಾಂಕೋಸ್ 16-12ರಿಂದ ಮುಂದಿತ್ತು. ಕೊನೆಯ ಸೈರನ್ ಹೊತ್ತಿಗೆ ಕೌಬಾಯ್ಸ್‌ನ ಕೈಲ್ ಫೆಲ್ಟ್ ಮೂಲೆಯಲ್ಲಿ ಟ್ರೈ ಗಳಿಸಿದರು, ಅಂದರೆ ನಮ್ಮ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರಿದರು. 16-16. ಆಮೇಲೆ ಗೋಲ್ಡನ್ ಪಾಯಿಂಟ್, ಅಂದರೆ ಮೊದಲು ಅಂಕ ಗಳಿಸಿದವರೇ ಗೆದ್ದಂತೆ. ಮತ್ತೆ ಆಟ ಶುರುಮಾಡುವ ಕಿಕ್ ನಮ್ಮ ಹಾಫ್‌ಬ್ಯಾಕ್ ಹಂಟ್ ಕಡೆಗೆ ಬಂತು. ಕೈಗೆ ಬಿದ್ದ ಚೆಂಡು ಜಾರಿತು. ಸ್ವಲ್ಪ ಹೊತ್ತಿನಲ್ಲೇ ಕೌಬಾಯ್ಸ್‌ನ ಜೊನಾಥನ್ ಥರ್ಸ್ಟನ್ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. 17-16.

ಅದಾದ ಮೇಲೆ ನಮ್ಮ ಆಫೀಸಿನಲ್ಲಿ ಯಾರ ಕೈಯಿಂದ ಏನು ಬಿದ್ದರೂ ಹಂಟ್ ಹೆಸರೇ ಬರುತ್ತಿತ್ತು. ವರ್ಷಗಟ್ಟಲೆ. 2017ರಲ್ಲಿ ಅವರು ಹಾಫ್‌ಬ್ಯಾಕ್ ಜಾಗವನ್ನೂ ಕಳೆದುಕೊಂಡರು. 2018ರಲ್ಲಿ ದೊಡ್ಡ ಮೊತ್ತಕ್ಕೆ ಡ್ರ್ಯಾಗನ್ಸ್ ಸೇರಿದರು. ತಂಡ ಸೋತಾಗಲೆಲ್ಲ "ಇಷ್ಟು ದುಡ್ಡಿಗೆ ಇಷ್ಟೇನಾ" ಅನ್ನುವ ಮಾತು. 2022ರಲ್ಲಿ ಸ್ಟೇಟ್ ಆಫ್ ಆರಿಜಿನ್ (ನಮ್ಮ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನ) ಸರಣಿಯ ಕೊನೆಯ ಪಂದ್ಯ, ನಮ್ಮೂರಲ್ಲೇ. ಎದುರಾಳಿಯ ಕಿಕ್ ಅನ್ನು ನಡುವಲ್ಲೇ ಹಿಡಿದು ಉದ್ದಕ್ಕೂ ಓಡಿ ಟ್ರೈ ಗಳಿಸಿ ಕ್ವೀನ್ಸ್‌ಲ್ಯಾಂಡ್‌ಗೆ ಸರಣಿ ಖಚಿತಮಾಡಿದ್ದು ಇದೇ ಹಂಟ್. ಆ ಸಲ ಚೆಂಡು ಜಾರಲಿಲ್ಲ. 2025ರಲ್ಲಿ ವಾಪಸ್ ಬ್ರಾಂಕೋಸ್‌ಗೆ ಬಂದರು. ಅಕ್ಟೋಬರ್ 5ರಂದು, ಸಿಡ್ನಿಯ ಅದೇ ಮೈದಾನದಲ್ಲಿ, ಫೈನಲ್‌ನಲ್ಲಿ ನಾವು ಮೆಲ್ಬರ್ನ್ ಸ್ಟಾರ್ಮ್ ತಂಡವನ್ನು 26-22ರಿಂದ ಸೋಲಿಸಿದೆವು. ಹತ್ತು ವರ್ಷ ಒಂದು ದಿನ. ಅವರಿಗೆ 35 ವಯಸ್ಸು. ನಾನು ಮಗನನ್ನು ತಬ್ಬಿಕೊಂಡು ಅತ್ತೆ.

ಇಂಥ ಪಾಠ ಯಾವ ಶಾಲೆಯಲ್ಲಿ ಸಿಗುತ್ತದೆ ಹೇಳಿ.

ಟೌನ್ಸ್‌ವಿಲ್ ಕನ್ನಡಿಗ

ನಾನು ಅವತ್ತು ಗೆದ್ದ ಊರಿನವನು. 1995ರಲ್ಲಿ ಶುರುವಾದ ಕೌಬಾಯ್ಸ್‌ಗೆ ಅದು ಮೊದಲ ಕಪ್. ಆ ರಾತ್ರಿ ಇಲ್ಲಿ ಯಾರೂ ಮಲಗಲಿಲ್ಲ.

ಒಂದು ವಿಷಯ ಸೇರಿಸಬೇಕು. ಫೆಲ್ಟ್ ಟ್ರೈ ಆದಮೇಲೆ ಥರ್ಸ್ಟನ್‌ಗೆ ಒಂದು ಕಿಕ್ ಇತ್ತು. ಅದು ಒಳಗೆ ಹೋಗಿದ್ದರೆ ಅಲ್ಲೇ ಪಂದ್ಯ ಮುಗಿಯುತ್ತಿತ್ತು. ಗೆರೆಯ ಅಂಚಿನಿಂದ ಒದ್ದರು. ಕಂಬಕ್ಕೆ ಬಡಿದು ಆಚೆ ಹೋಯಿತು. ಅಂದರೆ ಅವತ್ತು ಇಬ್ಬರೂ ತಪ್ಪಿದರು. ಒಬ್ಬರಿಗೆ ಮೂರು ನಿಮಿಷದಲ್ಲಿ ಇನ್ನೊಂದು ಅವಕಾಶ ಸಿಕ್ಕಿತು. ಇನ್ನೊಬ್ಬರಿಗೆ ಹತ್ತು ವರ್ಷ ಹಿಡಿಯಿತು. ನಾನು ಥರ್ಸ್ಟನ್ ಅಭಿಮಾನಿ, ಆದರೂ ಇದನ್ನು ಮರೆತಿಲ್ಲ.

ಥರ್ಸ್ಟನ್ ದಾರಿಯೂ ಸುಲಭದ್ದಲ್ಲ. ಮೈಕಟ್ಟು ಸಣ್ಣದು ಅಂತ ಹುಡುಗನಾಗಿದ್ದಾಗ ಕ್ಲಬ್‌ಗಳು ಬೇಡ ಅಂದವು. 2004ರಲ್ಲಿ ಬುಲ್‌ಡಾಗ್ಸ್ ಕಪ್ ಗೆದ್ದಾಗ ಅವರು ಆಡಿದ್ದು ಗಾಯಗೊಂಡ ಸ್ಟೀವ್ ಪ್ರೈಸ್ ಜಾಗದಲ್ಲಿ. ಗೆದ್ದ ಆಟಗಾರನಾಗಿ ತಮಗೆ ಬಂದ ಉಂಗುರವನ್ನು ಪ್ರೈಸ್‌ಗೇ ಕೊಟ್ಟುಬಿಟ್ಟರು. ಮುಂದೆ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕ ನಾಲ್ಕು ಸಲ ಅವರ ಪಾಲಾಯಿತು. ಕಳಿಸಿ ಸಾರ್ ಹುಡುಗನನ್ನು.

ಫಿಸಿಯೋ ಅಕ್ಕ (ಸಿಡ್ನಿ)

ಇಬ್ಬರ ಕಥೆಯೂ ಚೆನ್ನಾಗಿದೆ. ನಾನೂ ಈ ಆಟವನ್ನು ಪ್ರೀತಿಸುವವಳೇ. ಆದರೆ ಇವು ವಾಪಸ್ ಎದ್ದು ಬಂದವರ ಕಥೆಗಳು. ಎದ್ದು ಬರಲಾಗದವರ ಹೆಸರನ್ನು ಇನ್ನೂ ಯಾರೂ ಎತ್ತಿಲ್ಲ.

ಅಲೆಕ್ಸ್ ಮೆಕಿನನ್. ನ್ಯೂಕ್ಯಾಸಲ್ ನೈಟ್ಸ್ ಹುಡುಗ, 22 ವರ್ಷ. 2014ರ ಮಾರ್ಚ್ 24ರಂದು ಮೆಲ್ಬರ್ನ್‌ನಲ್ಲಿ ಮೂವರು ಸೇರಿ ಹಿಡಿದರು, ಮೈ ಮೇಲೆದ್ದಿತು, ಕುತ್ತಿಗೆಯ ಮೇಲೆ ಬಿದ್ದ. ಮೂಳೆ ಮುರಿಯಿತು. ಅಲ್ಲಿಂದ ಗಾಲಿಕುರ್ಚಿ. ಅವನು ಮಾಡಿದ ತಪ್ಪೇನು? ಚೆಂಡು ಹಿಡಿದು ಮುಂದಕ್ಕೆ ಓಡಿದ, ಅಷ್ಟೇ.

2021ರಲ್ಲಿ ಸಿಡ್ನಿ ರೂಸ್ಟರ್ಸ್‌ನಲ್ಲಿ ಒಂದೇ ವರ್ಷ ಇಬ್ಬರು ಆಟ ಬಿಟ್ಟರು. ಏಪ್ರಿಲ್‌ನಲ್ಲಿ ಜೇಕ್ ಫ್ರೆಂಡ್, ಜೂನ್‌ನಲ್ಲಿ ನಾಯಕ ಬಾಯ್ಡ್ ಕಾರ್ಡ್ನರ್. ಇಬ್ಬರಿಗೂ ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟೇ ಕಾರಣ. ಕಾರ್ಡ್ನರ್‌ಗೆ ಆಗ 29. ಆಸ್ಟ್ರೇಲಿಯಾದ ನಾಯಕನೂ ಆಗಿದ್ದವರು.

ಟೌನ್ಸ್‌ವಿಲ್ ಅಣ್ಣ, ಬೇಜಾರಾಗಬೇಡಿ. 2015ರಲ್ಲಿ ನಿಮ್ಮ ತಂಡವನ್ನು ಗೆಲ್ಲಿಸಿದ ಕೋಚ್ ಪಾಲ್ ಗ್ರೀನ್. ಅವರೂ ಹಿಂದೆ ಹಾಫ್‌ಬ್ಯಾಕ್. 2022ರಲ್ಲಿ 49ನೇ ವಯಸ್ಸಿಗೆ ತೀರಿಹೋದರು. ಮನೆಯವರು ಅವರ ಮಿದುಳನ್ನು ಪರೀಕ್ಷೆಗೆ ದಾನ ಕೊಟ್ಟರು. ಅದರಲ್ಲಿ ಸಿಟಿಇ ಇತ್ತು. ತಲೆಗೆ ಪದೇಪದೇ ಪೆಟ್ಟು ಬಿದ್ದವರಲ್ಲಿ ಕಾಣುವ ಮಿದುಳಿನ ಕಾಯಿಲೆ ಅದು. ಬದುಕಿರುವಾಗ ಇದೆಯೋ ಇಲ್ಲವೋ ಖಚಿತವಾಗಿ ಹೇಳಲು ಆಗುವುದಿಲ್ಲ. ಒಂದೇ ಫೈನಲ್ ಬಗ್ಗೆ ಮಾತಾಡುವುದಾದರೆ ಪೂರ್ತಿ ಮಾತಾಡೋಣ.

ಟೌನ್ಸ್‌ವಿಲ್ ಕನ್ನಡಿಗ

ಗ್ರೀನ್ ಸುದ್ದಿ ಬಂದ ದಿನ ಈ ಊರು ಹೇಗಿತ್ತು ಅಂತ ನನಗೆ ನೆನಪಿದೆ ಅಕ್ಕ. ಬೇಜಾರಿಲ್ಲ. ನಾನು ಅವರ ಹೆಸರನ್ನು ಹೇಳಬೇಕಿತ್ತು.

ಆದರೆ ನಿಯಮಗಳೂ ಬದಲಾಗಿವೆ ಅಲ್ವಾ? ಈಗ ಮೈದಾನದ ಹೊರಗೆ ವಿಡಿಯೋ ನೋಡುವ ಸ್ವತಂತ್ರ ವೈದ್ಯರಿದ್ದಾರೆ. ಅವರು ಹೇಳಿದರೆ ಆಟಗಾರ ಹೊರಗೆ ಬರಲೇಬೇಕು. ತಲೆಗೆ ಪೆಟ್ಟಾಗಿದೆ ಅಂತ ತೀರ್ಮಾನವಾದರೆ ಎನ್‌ಆರ್‌ಎಲ್‌ನಲ್ಲಿ ಸಾಮಾನ್ಯವಾಗಿ ಕನಿಷ್ಠ 11 ದಿನ ಆಡುವಂತಿಲ್ಲ. ಗ್ರೀನ್ ಆಡಿದ 90ರ ದಶಕದಲ್ಲಿ ನೀರು ಚಿಮುಕಿಸಿ ವಾಪಸ್ ಕಳಿಸುತ್ತಿದ್ದರು.

ಫಿಸಿಯೋ ಅಕ್ಕ (ಸಿಡ್ನಿ)

ಒಪ್ಪುತ್ತೇನೆ, ತುಂಬಾ ಬದಲಾಗಿದೆ. ಆದರೆ ಆ ವೈದ್ಯರು ಇರುವುದು ಟಿವಿಯಲ್ಲಿ ಬರುವ ಪಂದ್ಯಕ್ಕೆ. 14ರ ಹುಡುಗರ ಶನಿವಾರದ ಪಂದ್ಯದಲ್ಲಿ ಇರುವುದು ಪ್ರಥಮ ಚಿಕಿತ್ಸೆ ಕಲಿತ ಒಬ್ಬ ಅಪ್ಪನೋ ಅಮ್ಮನೋ. ಆ ವಯಸ್ಸಿನವರು ತಲೆ ಸುತ್ತುತ್ತಿದ್ದರೂ "ಏನೂ ಆಗಿಲ್ಲ" ಅನ್ನುತ್ತಾರೆ. ತಂಡದಿಂದ ತೆಗೆದುಬಿಟ್ಟರೆ ಅನ್ನುವ ಭಯ. ನನ್ನ ಬಳಿ ಬರುವ ಹುಡುಗರಲ್ಲಿ ಇದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಇನ್ನೊಂದು ಮಾತು: ಮೆತ್ತನೆಯ ಹೆಡ್‌ಗೇರ್ ಹಾಕಿಸಿದರೆ ಸಾಕು ಅಂದುಕೊಳ್ಳಬೇಡಿ. ಚರ್ಮ ಹರಿಯುವುದು, ಕಿವಿ ತರಚುವುದು ತಪ್ಪಬಹುದು. ಒಳಗೆ ಮಿದುಳು ಅಲುಗುವುದನ್ನು ಅದು ತಡೆಯುತ್ತದೆ ಅಂತ ನಂಬಿ ಕೂರಬಾರದು.

ಮಂಡ್ಯ ರೈಡರ್

ರಗ್ಬಿ ನನಗೆ ಗೊತ್ತಿಲ್ಲ. ಆರು ಸಲ ಹಿಡಿಯುವುದು ಅಂದಿದ್ದಕ್ಕೆ ಕಬಡ್ಡಿ ನೆನಪಾಗಿ ಓದಿದೆ. ನಾನು ಜಿಲ್ಲಾ ಮಟ್ಟದಲ್ಲಿ ರೈಡರ್. 20ನೇ ವಯಸ್ಸಿಗೆ ಮಂಡಿಯ ಲಿಗಮೆಂಟ್ ಹರಿಯಿತು. ಆಪರೇಷನ್ ದುಡ್ಡಿಗೆ ಅಪ್ಪ ಹಸು ಮಾರಿದರು. ಅದುವರೆಗೆ ಹೆಗಲ ಮೇಲೆ ಹೊತ್ತು ಕುಣಿದವರು ಒಂದು ಸಲವೂ ಮನೆ ಕಡೆ ಬರಲಿಲ್ಲ. ನನಗೆ ಓದು ಅರ್ಧಕ್ಕೆ ನಿಂತಿತ್ತು. ಅದೇ ಜಾಸ್ತಿ ನೋಯಿಸಿದ್ದು, ಮಂಡಿಯಲ್ಲ.

ಹಂಗಾಗಿ ನನ್ನ ಪ್ರಶ್ನೆ ಒಂದೇ. ಈ ಆಟದಲ್ಲಿ ಸಂಬಳ ಹೇಗೆ? ನಿಂತುಹೋದರೆ ಏನು ಗತಿ?

ಲೀಡ್ಸ್ ವಾಸಿ

ರೈಡರ್ ಅವರೇ, ಈ ಆಟ ಹುಟ್ಟಿದ್ದೇ ನಿಮ್ಮ ಪ್ರಶ್ನೆಯಿಂದ. ಸುಮ್ನೆ ಹೇಳುತ್ತಿಲ್ಲ. ನಾನಿರುವ ಯಾರ್ಕ್‌ಷೈರ್‌ನಲ್ಲಿ ಆಗ ಗಣಿ, ಗಿರಣಿ ಕೆಲಸಗಾರರೇ ರಗ್ಬಿ ಆಡುತ್ತಿದ್ದರು. ಶನಿವಾರ ಆಡಲು ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಪೆಟ್ಟು ಬಿದ್ದರೆ ವಾರಗಟ್ಟಲೆ ಕೂಲಿ ಇಲ್ಲ. ಕಳೆದುಹೋದ ಕೂಲಿಯನ್ನಾದರೂ ಕೊಡೋಣ ಅಂದವು ಉತ್ತರದ ಕ್ಲಬ್‌ಗಳು. ಲಂಡನ್ನಿನ ದೊಡ್ಡವರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಬೇರೆಯಾದರು. ಅದೇ ಮುಂದೆ ರಗ್ಬಿ ಲೀಗ್ ಆಯಿತು. ಆ ಕಟ್ಟಡ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಇದೆ. ಮುಂದೆ ಹೋಗುವಾಗಲೆಲ್ಲ ಒಮ್ಮೆ ತಲೆಯೆತ್ತಿ ನೋಡುತ್ತೇನೆ.

130 ವರ್ಷ ಆದಮೇಲೂ ಇಲ್ಲಿ ಆಟಗಾರರು ಶ್ರೀಮಂತರಲ್ಲ. ಇಲ್ಲಿನ ಮೇಲಿನ ಹಂತವಾದ ಸೂಪರ್ ಲೀಗ್‌ನಲ್ಲಿ ಇಡೀ ತಂಡದ ಸಂಬಳಕ್ಕೆ ಮಿತಿ ಇದೆ, ಮೂಲ ಮೊತ್ತ 21 ಲಕ್ಷ ಪೌಂಡ್. ಇಂಗ್ಲೆಂಡಿನ ದೊಡ್ಡ ಫುಟ್‌ಬಾಲ್ ತಾರೆಯೊಬ್ಬ ತಿಂಗಳೆರಡು ತಿಂಗಳಲ್ಲಿ ಅಷ್ಟು ಗಳಿಸುತ್ತಾನೆ. ಕೆಳಗಿನ ಹಂತದಲ್ಲಿ ಹಗಲು ಪ್ಲಂಬರ್, ಮೇಷ್ಟ್ರು, ಲಾರಿ ಚಾಲಕ, ಸಂಜೆ ತರಬೇತಿ.

ಕ್ಲಬ್ಬೇ ಮುಳುಗುವುದೂ ಉಂಟು. ಕೆನಡಾದ ಟೊರೊಂಟೊ ವುಲ್ಫ್‌ಪ್ಯಾಕ್ ಗೊತ್ತಾ? 2020ರಲ್ಲಿ ಸೂಪರ್ ಲೀಗ್‌ಗೆ ಬಂತು, ಸಾನಿ ಬಿಲ್ ವಿಲಿಯಮ್ಸ್ ಅಂಥ ತಾರೆಯನ್ನೇ ಕರೆತಂದಿತು. ಕೋವಿಡ್ ಬಂತು. ಜುಲೈನಲ್ಲಿ ಹಣವಿಲ್ಲ ಅಂತ ಹಿಂದೆ ಸರಿಯಿತು. ಆಟಗಾರರ ಸಂಬಳ ನಿಂತಿತು. ಸಾನಿ ಬಿಲ್ ಹೇಗೋ ನಿಭಾಯಿಸಿದರು. ಬಾಡಿಗೆ ಕಟ್ಟಬೇಕಿದ್ದ ಸಾಮಾನ್ಯ ಆಟಗಾರನನ್ನು ನೆನೆಸಿಕೊಳ್ಳಿ.

ಆದರೂ ನಾನು ಬೇಡ ಅನ್ನುವುದಿಲ್ಲ. ಕಾರಣ ರಾಬ್ ಬರೋ.

165 ಸೆಂಟಿಮೀಟರ್ ಎತ್ತರದ ಮನುಷ್ಯ. ಎದುರಿಗೆ ನೂರು ಕಿಲೋ ದಾಟಿದ ಆಳುಗಳು. 2001ರಿಂದ 2017ರವರೆಗೆ ಲೀಡ್ಸ್ ರೈನೋಸ್ ಬಿಟ್ಟು ಬೇರೆ ಕ್ಲಬ್‌ಗೆ ಹೋಗಲಿಲ್ಲ. ಎಂಟು ಗ್ರ್ಯಾಂಡ್ ಫೈನಲ್ ಗೆದ್ದರು. 2011ರ ಫೈನಲ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಹಿಡಿಯಲು ಬಂದವರ ಕೈಯಡಿ ನುಸುಳಿ ಓಡಿದ ಆ ಟ್ರೈ ಇವತ್ತಿಗೂ ಇಲ್ಲಿನ ಪಬ್‌ಗಳಲ್ಲಿ ಹಾಕುತ್ತಾರೆ. ಆಟ ಬಿಟ್ಟ ಎರಡು ವರ್ಷಕ್ಕೆ, 2019ರ ಡಿಸೆಂಬರ್‌ನಲ್ಲಿ, ಮೋಟಾರ್ ನ್ಯೂರಾನ್ ಕಾಯಿಲೆ ಅಂತ ಗೊತ್ತಾಯಿತು, ಸ್ನಾಯುಗಳ ಬಲವನ್ನೇ ಕಸಿಯುವ ನರಗಳ ಕಾಯಿಲೆ. ಮೊದಲು ಮಾತು ಹೋಯಿತು, ಆಮೇಲೆ ನಡಿಗೆ. 2024ರ ಜೂನ್ 2ರಂದು 41ನೇ ವಯಸ್ಸಿಗೆ ತೀರಿಕೊಂಡರು.

ಅವರ ನಾಯಕರಾಗಿದ್ದ ಕೆವಿನ್ ಸಿನ್‌ಫೀಲ್ಡ್ ಗೆಳೆಯನಿಗಾಗಿ 2020ರಲ್ಲಿ ಏಳು ದಿನ ಏಳು ಮ್ಯಾರಥಾನ್ ಓಡಿ ಹಣ ಕೂಡಿಸಿದರು. 2023ರ ಮೇ ತಿಂಗಳಲ್ಲಿ ಲೀಡ್ಸ್ ಮ್ಯಾರಥಾನ್. ರಾಬ್ ಅವರ ಗಾಲಿಕುರ್ಚಿ ತಳ್ಳುತ್ತಾ ಓಡಿದ ಕೆವಿನ್, ಕೊನೆಯ ಗೆರೆಯ ಹತ್ತಿರ ನಿಂತರು. ಗೆಳೆಯನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗೆರೆ ದಾಟಿದರು. ನಾನು ರಸ್ತೆ ಬದಿಯಲ್ಲಿದ್ದೆ. ಯಾರ ಬಾಯಲ್ಲೂ ಮಾತಿರಲಿಲ್ಲ.

ರೈಡರ್ ಅವರೇ, ನಿಮ್ಮ ಮನೆಗೆ ಯಾರೂ ಬರಲಿಲ್ಲ ಅಂದಿರಿ. ಇಲ್ಲಿ ಒಬ್ಬರು ಬಂದರು. ನಾನು ಈ ಆಟವನ್ನು ನಂಬುವುದು ಅಷ್ಟಕ್ಕೇ.

ಫಿಸಿಯೋ ಅಕ್ಕ (ಸಿಡ್ನಿ)

ಓದಿ ಕಣ್ಣು ತುಂಬಿತು. ಆದರೂ ನನ್ನ ಮಾತು ಬಿಡುವುದಿಲ್ಲ. ಕೆವಿನ್ ಅಂಥ ಗೆಳೆಯ ಎಲ್ಲರಿಗೂ ಸಿಗುತ್ತಾರೆ ಅಂತ ಲೆಕ್ಕ ಹಾಕಿ ಮಗನನ್ನು ಕಳಿಸಲಾಗುವುದಿಲ್ಲ. ಬರೋ ಕಾಯಿಲೆ ಆಟದಿಂದಲೇ ಬಂತು ಅಂತ ನಾನು ಹೇಳುವುದಿಲ್ಲ, ಅದನ್ನು ಯಾರೂ ಸಾಬೀತು ಮಾಡಿಲ್ಲ. ಆದರೆ ಆಡುವಾಗಿನ ಚಪ್ಪಾಳೆ ಎಷ್ಟು ಬೇಗ ನಿಲ್ಲುತ್ತದೆ ಅಂತ ಹುಡುಗನಿಗೆ ಮೊದಲೇ ಗೊತ್ತಿರಬೇಕು. ರೈಡರ್ ಹೇಳಿದ ಓದಿನ ಮಾತು ಇಲ್ಲಿ ಎಲ್ಲಕ್ಕಿಂತ ದೊಡ್ಡದು.

ಮಂಡ್ಯ ರೈಡರ್

ನಾನು ಬೇಡ ಅಂತಿಲ್ಲ ಅಕ್ಕ. ಮತ್ತೆ ಹುಟ್ಟಿದರೂ ಕಬಡ್ಡಿ ಆಡುತ್ತೇನೆ. ಡಿಗ್ರಿ ಮುಗಿಸಿ ಆಡುತ್ತೇನೆ.

ಬ್ರಿಸ್ಬೇನ್ ಅಪ್ಪ

ಎಲ್ಲರಿಗೂ ಧನ್ಯವಾದ. ಇದನ್ನೆಲ್ಲ ನಿನ್ನೆ ರಾತ್ರಿ ಮನೆಯಲ್ಲಿ ಜೋರಾಗಿ ಓದಿದೆ. ಮಗನಿಗೆ ಕನ್ನಡ ಓದಲು ಬರುವುದಿಲ್ಲ, ಕೇಳಿದರೆ ಅರ್ಥವಾಗುತ್ತದೆ. ಮೆಕಿನನ್ ವಿಷಯ ಬಂದಾಗ ಸುಮ್ಮನಾದ. ಅವನಿಗೆ ಆ ಹೆಸರೇ ಗೊತ್ತಿರಲಿಲ್ಲ. ಅದು ನನ್ನ ತಪ್ಪು. ಹಂಟ್ ಕಥೆಯನ್ನು ನೂರು ಸಲ ಹೇಳಿದ್ದೇನೆ, ಇದನ್ನು ಒಂದು ಸಲವೂ ಹೇಳಿರಲಿಲ್ಲ.

ಹಂಟ್ ಬಗ್ಗೆಯೂ ನಾನು ಪೂರ್ತಿ ಹೇಳಲಿಲ್ಲ ಅಂತ ಈಗ ಅನಿಸುತ್ತದೆ. 2023ರಲ್ಲಿ ಅವರು ಡ್ರ್ಯಾಗನ್ಸ್ ಬಿಟ್ಟು ಹೋಗುತ್ತೇನೆ ಅಂದರು, ಕ್ಲಬ್ ಬಿಡಲಿಲ್ಲ. ಬಿಟ್ಟುಹೋಗಲು ಮನಸ್ಸಿದ್ದ ಕ್ಲಬ್‌ನಲ್ಲೇ ನಾಯಕನಾಗಿ ಇನ್ನೂ ಒಂದೂವರೆ ವರ್ಷ ಆಡಿದರು. ಟಿವಿಯಲ್ಲಿ ಯಾರೂ ಮತ್ತೆ ಮತ್ತೆ ತೋರಿಸದ ಆ ಪಂದ್ಯಗಳೇ ಅವರ ಬದುಕಿನಲ್ಲಿ ಜಾಸ್ತಿ.

ಹೆಂಡತಿ ಒಪ್ಪಿದ್ದಾಳೆ ಅನ್ನಲಾರೆ. ಈ ವರ್ಷ ಒಂದು ನೋಡೋಣ ಅಂದಿದ್ದಾಳೆ. ಅವಳದು ಎರಡು ಷರತ್ತು. ಶಾಲೆಯ ಅಂಕ ಇಳಿಯಬಾರದು. ತಲೆಗೆ ಪೆಟ್ಟು ಬಿದ್ದರೆ ಯಾವಾಗ ವಾಪಸ್ ಆಡಬೇಕು ಅನ್ನುವುದನ್ನು ಕೋಚ್ ಅಲ್ಲ, ವೈದ್ಯರು ಹೇಳಬೇಕು. ಶನಿವಾರ ಬೆಳಿಗ್ಗೆ ಏಳಕ್ಕೆ ತರಬೇತಿ. ಅವಳೂ ಬರುತ್ತಾಳೆ.

ಫಿಸಿಯೋ ಅಕ್ಕ (ಸಿಡ್ನಿ)

ಹೋದ ತಕ್ಷಣ ಕೇಳಿ: ಹುಡುಗ ಬಿದ್ದು ಎದ್ದು "ಏನೂ ಆಗಿಲ್ಲ" ಅಂದರೆ, ಅವನನ್ನು ಹೊರಗೆ ಕರೆಯುವುದು ಯಾರು? ಹೆಸರು ಹೇಳಿಸಿ. "ನೋಡಿಕೊಳ್ಳುತ್ತೇವೆ" ಅನ್ನುವ ಉತ್ತರಕ್ಕೆ ಒಪ್ಪಬೇಡಿ.

ಬ್ರಿಸ್ಬೇನ್ ಅಪ್ಪ

ಕೇಳುತ್ತೇನೆ. ಶನಿವಾರ ಮಧ್ಯಾಹ್ನ ಇಲ್ಲೇ ಬರೆಯುತ್ತೇನೆ.