ಸಹಾಯ ಬೇಕು: ಮಳೆಗಾಲದಲ್ಲಿ ಮಂಕಾದವರ ಜೊತೆ ನಡೆಯಲು ಜನ

ತೀರ್ಥಹಳ್ಳಿ, ಹೊಸನಗರ ಕಡೆಯವರಿಗೆ ನಮಸ್ಕಾರ. ಜಡಿಮಳೆ ಹಿಡಿದರೆ ಒಂಟಿಮನೆಗಳಲ್ಲಿ ಎಷ್ಟೋ ಜನ ಯಾವುದಕ್ಕೂ ಮನಸ್ಸಿಲ್ಲದೆ ಕೂತುಬಿಡುತ್ತಾರೆ. ಅಂಥವರ ಜೊತೆ ವಾರಕ್ಕೆ ಮೂರು ಬೆಳಿಗ್ಗೆ, 20 ನಿಮಿಷ ನಡೆಯಲು ಅಕ್ಕಪಕ್ಕದವರು ಬೇಕು.

ಬೆಳಿಗ್ಗೆಯೇ ಯಾಕೆಂದರೆ, ಮೋಡವಿದ್ದರೂ ಹೊರಗಿನ ಬೆಳಕು ಸಾಮಾನ್ಯವಾಗಿ 1000 ಲಕ್ಸ್ (ಬೆಳಕಿನ ಅಳತೆ) ದಾಟುತ್ತದೆ. ಒಳಗೆ ಟ್ಯೂಬ್‌ಲೈಟ್ ಹಾಕಿದರೂ 100–300 ಅಷ್ಟೇ. ಬೆಳಗಿನ ಬೆಳಕು ಸಿಕ್ಕರೆ ರಾತ್ರಿಯ ನಿದ್ದೆ ಹಳಿಗೆ ಬರುತ್ತದೆ. ಮಳೆ ಜೋರಿದ್ದರೆ ಜಗಲಿಯಲ್ಲೇ ಓಡಾಡಿ.

ಕೆಡುವುದು ಇಲ್ಲಿ: ಮೊದಲ ದಿನವೇ ಗಂಟೆಗಟ್ಟಲೆ ಎಳೆದೊಯ್ದರೆ ಮೂರನೇ ದಿನ ಅವರು ಬಾಗಿಲೇ ತೆಗೆಯುವುದಿಲ್ಲ. 5 ನಿಮಿಷದಿಂದ ಶುರುಮಾಡಿ. 'ಮನಸ್ಸಾದಾಗ ಹೋಗೋಣ' ಎಂದು ಕಾಯಬೇಡಿ, ಹುಮ್ಮಸ್ಸು ಬರುವುದು ನಡೆದ ಮೇಲೆ. ಬುದ್ಧಿಮಾತು ಬೇಡವೇ ಬೇಡ. ಅಡಿಕೆ ತೋಟದ ಕೊಳೆರೋಗದ ವಿಷಯ ಮಾತಾಡಿದರೂ ಸಾಕು. ದಾರಿಯಲ್ಲಿ ಹತ್ತುವ ಉಂಬಳಕ್ಕೆ (ಜಿಗಣೆಗೆ) ಸುಣ್ಣದ ಡಬ್ಬಿ ಇಟ್ಟುಕೊಳ್ಳಿ.

ಎರಡು ವಾರವಾದರೂ ಊಟ, ನಿದ್ದೆ ಸೇರದಿದ್ದರೆ ವೈದ್ಯರಿಗೆ ತೋರಿಸಬೇಕು. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡದೆ, ಆಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಬರುವವರು ನಿಮ್ಮ ಊರು, ಬಿಡುವಿನ ದಿನ ಕೆಳಗೆ ಬರೆಯಿರಿ. ಆಗುಂಬೆ ಕಡೆಯವರು ತುರ್ತಾಗಿ ಬೇಕು.