ಅತ್ತೆಯ ಫಾರ್ವರ್ಡ್, ಅಣ್ಣನ ಕ್ಯಾಸೆಟ್

ಭಾನುವಾರ ಬೆಳಿಗ್ಗೆ ಆರೂಕಾಲಿಗೆ ಸಾಗರದ ಅತ್ತೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಮೇಲೆ ಒಂದು ಚಿತ್ರ. ಬಾವುಟ ಹಿಡಿದ ಸೈನಿಕ, ಬೆನ್ನಿಗೆ ಏರೋಪ್ಲೇನ್ ಚಿಟ್ಟೆಯ ರೆಕ್ಕೆ. ಕೆಳಗೆ ಹೀಗಿತ್ತು: "ಪೋಷಕರೇ ಎಚ್ಚರ!! ಲಿಂಕಿನ್ ಪಾರ್ಕ್ ತಂಡದ ಹೈಬ್ರಿಡ್ ಥಿಯರಿ ಎಂಬ ಹೊಸ ಆಲ್ಬಂ ಮಕ್ಕಳನ್ನು ಹಾಳು ಮಾಡುತ್ತಿದೆ. ಹಾಡಿಗೆ ಹತ್ತು ಹೊಲಸು ಬೈಗುಳ. ಎಲ್ಲ ಗುಂಪುಗಳಿಗೂ ಕಳಿಸಿ."

ಅತ್ತೆ ತಾವಾಗಿ ಬರೆದದ್ದು ಒಂದೇ ಸಾಲು. "ಪುಟ್ಟಿ ಕಿವಿಗೆ ಸಿಗಿಸಿಕೊಂಡು ಇದನ್ನೇ ಕೇಳುವುದು. ಮೊನ್ನೆ ನಾನೇ ನೋಡಿದೆ."

ಪುಟ್ಟಿ ಅಂದರೆ ನಮ್ಮಕ್ಕನ ಮಗಳು, ಸೆಕೆಂಡ್ ಪಿಯುಸಿ. ಗುಂಪಿನಲ್ಲಿದ್ದಾಳೆ. ಯಾವತ್ತೂ ಬಾಯಿ ಬಿಟ್ಟವಳಲ್ಲ.

ದೊಡ್ಡಪ್ಪ ನಿವೃತ್ತ ಹೆಡ್ ಮಾಸ್ಟರ್. ಎದ್ದ ಕೂಡಲೇ ಫೋನ್ ನೋಡುತ್ತಾರೆ.

ದೊಡ್ಡಪ್ಪ: ಸಂಗೀತ ಮನಸ್ಸನ್ನು ತೊಳೆಯಬೇಕು. ಕಾಳಿಂಗರಾಯರು ಹಾಡಿದರೆ ಊರೇ ಕೂತು ಕೇಳುತ್ತಿತ್ತು. ಈಗಿನ ಮಕ್ಕಳಿಗೆ ಆ ಭಾಗ್ಯ ಇಲ್ಲ. ತಂದೆ ತಾಯಿ ಗಮನ ಕೊಡಬೇಕು. ಅಂದಹಾಗೆ ಲಿಂಕನ್ ಕಾಗುಣಿತ ತಪ್ಪಾಗಿದೆ.

ಅಕ್ಕ: ಗಮನ ಕೊಡಬೇಕು ಅಂದದ್ದು ಯಾರಿಗೆ ದೊಡ್ಡಪ್ಪ?

ಭಾವ: ಇದಕ್ಕೆ ಮೂಲ ಯಾವುದು?

ಅಲ್ಲಿಗೆ ಶುರುವಾಯಿತು. ಭಾವ ಬ್ಯಾಂಕಿನಲ್ಲಿ ಆಡಿಟ್ ಮಾಡುವವರು, ಗುಂಪಿಗೂ ಅವರೇ ಆಡಿಟರ್. ಹೋದ ವರ್ಷ ಅತ್ತೆ ಬಾಳೆದಿಂಡಿನ ರಸದ ಬಗ್ಗೆ ಏನೋ ಹಾಕಿದಾಗಲೂ ಇದೇ ಮೂರು ಪದ ಬರೆದಿದ್ದರು. ಅತ್ತೆ ಮರೆತಿರಲಿಲ್ಲ.

ಅತ್ತೆ: ಬಾಳೆದಿಂಡಿಗೂ ಮೂಲ ಕೇಳಿದ್ದಿರಿ. ಆಮೇಲೆ ಯಾರು ಕುಡಿದರು, ಎಲ್ಲರಿಗೂ ಗೊತ್ತು.

ಭಾವ: ಅದು ಬೇರೆ ವಿಷಯ. ಈ ಆಲ್ಬಂ ಬಂದದ್ದು 2000ದ ಅಕ್ಟೋಬರ್ 24ಕ್ಕೆ. ಹೊಸದು ಹೇಗಾಗುತ್ತದೆ? ಇರುವುದೇ 12 ಹಾಡು. ಒಂದರಲ್ಲೂ ಬೈಗುಳ ಇಲ್ಲ. ಅಮೆರಿಕದಲ್ಲಿ ಬೈಗುಳ ಇರುವ ಆಲ್ಬಂ ಮೇಲೆ ಕಪ್ಪು ಬಿಳುಪಿನ ಎಚ್ಚರಿಕೆ ಚೀಟಿ ಇರುತ್ತದೆ. ಇದರ ಮೇಲೆ ಇಲ್ಲ.

ಇದು ಸರಿಯಾದ ಮಾತೇ. ಕಾಗುಣಿತದ ವಿಷಯವನ್ನೂ ನಾನು ಸೇರಿಸಿದೆ. ಈ ಹೆಸರಿಗೆ ಮುಂಚೆ ಆ ತಂಡದ ಹೆಸರೇ ಹೈಬ್ರಿಡ್ ಥಿಯರಿ. ಹೈಬ್ರಿಡ್ ಅಂತ ಇನ್ನೊಂದು ತಂಡ ಇದ್ದದ್ದರಿಂದ ಬಿಡಬೇಕಾಯಿತು, ಹೆಸರು ಆಲ್ಬಮ್ಮಿಗೆ ಹೋಯಿತು. ಆಮೇಲೆ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿದ್ದ ಲಿಂಕನ್ ಪಾರ್ಕ್ ಹೆಸರಿಟ್ಟುಕೊಳ್ಳಲು ಹೊರಟರು. ಆ ಹೆಸರಿನ ವೆಬ್‌ಸೈಟ್ ವಿಳಾಸ ದುಬಾರಿಯಾಯಿತು. ಬೇಕಂತಲೇ ಕಾಗುಣಿತ ಬದಲಿಸಿದರು.

ದೊಡ್ಡಪ್ಪ: ದುಡ್ಡಿಲ್ಲ ಅಂತ ಕಾಗುಣಿತ ಬದಲಿಸುವುದೇ? ನನ್ನ ಕ್ಲಾಸಿನಲ್ಲಿ ಆಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ನಂತರ ಅವರೇ ಯೂಟ್ಯೂಬಿನಲ್ಲಿ ಅರ್ಧ ಹಾಡು ಕೇಳಿ ಬಂದರು. "ಬೈಗುಳ ಇಲ್ಲ ಸರಿ. ಹಾಗಾದರೆ ಆ ಹುಡುಗ ಹಾಗೆ ಯಾಕೆ ಕಿರುಚುತ್ತಾನೆ?"

ಅವತ್ತು ಗುಂಪಿನಲ್ಲಿ ಬಂದ ಒಂದೇ ಒಂದು ಒಳ್ಳೆಯ ಪ್ರಶ್ನೆ ಇದು. ನಾನು ಉದ್ದಕ್ಕೆ ಬರೆದೆ. ಇದರಲ್ಲಿ ಗಂಟಲು ಎರಡು. ಮೈಕ್ ಶಿನೋಡಾ ಮಾತಿನ ಓಟದಲ್ಲೇ ರ‍್ಯಾಪ್ ಮಾಡುತ್ತಾನೆ. ಚೆಸ್ಟರ್ ಬೆನ್ನಿಂಗ್ಟನ್ ಹಾಡುತ್ತಾನೆ, ಹಾಡುತ್ತ ಹಾಡುತ್ತ ಕಿರುಚುತ್ತಾನೆ. ಹಿಂದೆ ಮೆಟಲ್ ಅನ್ನುವ ಅಬ್ಬರದ ರಾಕ್‌ನ ಗಿಟಾರ್. ಜೋ ಹಾನ್ ತಿರುಗುವ ರೆಕಾರ್ಡನ್ನು ಕೈಯಿಂದ ಗೀಚಿ ಸದ್ದು ಮಾಡುತ್ತಾನೆ. ರ‍್ಯಾಪ್‌ನವರಿಗೆ ಇದು ರಾಕ್, ರಾಕ್‌ನವರಿಗೆ ಇದು ರ‍್ಯಾಪ್. ಆದರೂ 2001ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಇದೇ. ಚೆಸ್ಟರ್ ಚಿಕ್ಕಂದಿನಲ್ಲಿ ತುಂಬಾ ಅನುಭವಿಸಿದವನು, ಮಾದಕ ವಸ್ತುವಿಗೂ ಬಿದ್ದಿದ್ದ. 'ಕ್ರಾಲಿಂಗ್' ಹಾಡು ಅದರದ್ದೇ ಸಂಕಟ. ಅದಕ್ಕೆ 2002ರಲ್ಲಿ ಗ್ರ್ಯಾಮಿ ಬಂತು. 2017ರ ಜುಲೈನಲ್ಲಿ ಅವನು ತೀರಿಕೊಂಡ. 41 ವರ್ಷ.

ಯಾರೂ ಪೂರ್ತಿ ಓದಲಿಲ್ಲ ಅನಿಸುತ್ತದೆ. ಅತ್ತೆ ಕೈಮುಗಿದ ಚಿತ್ರ ಹಾಕಿದರು. ದೊಡ್ಡಪ್ಪ "ರೆಕಾರ್ಡ್ ಗೀಚಿದರೆ ಮುಳ್ಳು ಹಾಳಾಗುತ್ತದೆ" ಅಂದರು.

ಅಷ್ಟು ಹೊತ್ತಿಗೆ ಮೈಸೂರಣ್ಣ ಎದ್ದ. ಅವನು ದೊಡ್ಡಪ್ಪನ ಮಗ.

ಮೈಸೂರಣ್ಣ: ಅಯ್ಯೋ! ಹೈಬ್ರಿಡ್ ಥಿಯರಿ!! ಈಗಿನ ಮಕ್ಕಳಲ್ಲ ಅಪ್ಪ, ಇದನ್ನು ಕೇಳಿ ಹಾಳಾದವನು ನಾನು. ನನಗೀಗ ನಲವತ್ತು ದಾಟಿದೆ.

ಮೈಸೂರಣ್ಣ: ಹಾಸ್ಟೆಲಿನಲ್ಲಿ ಒಂದೇ ಕಂಪ್ಯೂಟರ್. ಹಾಡು ಹಾಕಲು ವಿನ್‌ಆಂಪ್. ರಾತ್ರಿ ಹನ್ನೊಂದಾದರೆ ಇದರದ್ದೇ 'ಇನ್ ದಿ ಎಂಡ್' ಹಾಡು. ವಾರ್ಡನ್ ಬಾಗಿಲು ಬಡಿಯುತ್ತಿದ್ದದ್ದೂ ತಾಳಕ್ಕೇ ಸರಿಯಾಗಿ.

ಮೈಸೂರಣ್ಣ: ರಜೆಗೆ ಬಂದಾಗ ಗೆಳೆಯನ ಕ್ಯಾಸೆಟ್ ತಂದು, ನಮ್ಮ ತೀರ್ಥಹಳ್ಳಿ ಮನೆಯ ಡಬಲ್ ಡೆಕ್‌ನಲ್ಲಿ ಇನ್ನೊಂದಕ್ಕೆ ಇಳಿಸಿಕೊಂಡಿದ್ದೆ. ಆಹಾ, ಏನು ದಿನಗಳು!

ಎರಡನೆಯ ಮೆಸೇಜಿಗೇ ನಿಲ್ಲಿಸಿದ್ದರೆ ಅವನ ಭಾನುವಾರ ಚೆನ್ನಾಗಿರುತ್ತಿತ್ತು.

ಅತ್ತೆ: ಯಾವ ಕ್ಯಾಸೆಟ್ಟಿಗೆ ಇಳಿಸಿದೆಯೋ?

ಮೈಸೂರಣ್ಣ ಟೈಪ್ ಮಾಡುತ್ತಿದ್ದಾನೆ ಅಂತ ಬಂತು. ಹೋಯಿತು. ಮತ್ತೆ ಬಂತು. ಹೋಯಿತು.

ಅತ್ತೆ: ನಮ್ಮಮ್ಮ ಹಸೆ ಹಾಡು ಹಾಡಿದ್ದ ಕ್ಯಾಸೆಟ್ಟಿಗೆ. ಅಲ್ವಾ? ಹೇಳು.

ಹೊಸಬರಿಗೆ ಈ ಕಥೆ ಗೊತ್ತಿಲ್ಲ. ಅಜ್ಜಿ ಮದುವೆ ಮನೆಗಳಲ್ಲಿ ಹಸೆಗೆ ಕರೆಯುವ ಹಾಡು ಹೇಳುತ್ತಿದ್ದಳು. ಒಂದು ಬೇಸಿಗೆಯಲ್ಲಿ ಅತ್ತೆ ಅವಳನ್ನು ಜಗಲಿಯಲ್ಲಿ ಕೂರಿಸಿ ರೆಕಾರ್ಡ್ ಮಾಡಿದ್ದರು. ಅಜ್ಜಿ ಹೋದ ಮೇಲೆ ಹುಡುಕಿದರೆ ಕ್ಯಾಸೆಟ್ ಇಲ್ಲ. ಆ ಮನೆಯ ಕಿರಿ ಸೊಸೆ ನಮ್ಮಮ್ಮ. ಕಸದ ಜೊತೆ ಅವಳೇ ಬಿಸಾಕಿದ್ದು ಅಂತ ತೀರ್ಮಾನವಾಗಿತ್ತು. ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಗುಂಪಿನಲ್ಲಿ ಇಷ್ಟು ವರ್ಷ "ಓಕೆ" ಬಿಟ್ಟು ಬೇರೇನೂ ಬರೆಯದ ನಮ್ಮಮ್ಮ ಬರೆದಳು: "ಹಾಗಾದರೆ ನಾನಲ್ಲ."

ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ದೊಡ್ಡಪ್ಪ ಮಾತ್ರ ಕಾಳಿಂಗರಾಯರ ಒಂದು ಲಿಂಕ್ ಹಾಕಿ ಅಳಿಸಿದರು.

ಭಾವ: ಎಷ್ಟು ನಿಮಿಷದ ಕ್ಯಾಸೆಟ್ ಅದು?

ಅತ್ತೆ: ಈಗಲೂ ನಿಮಗೆ ಮೂಲ ಬೇಕೇ?

ಭಾವ: ಇಲ್ಲ ಅತ್ತೆ. ಸುಮ್ನೆ ಕೇಳುತ್ತಿಲ್ಲ. ಎಷ್ಟು ನಿಮಿಷದ್ದು?

ಮೈಸೂರಣ್ಣ: ತೊಂಬತ್ತು.

ಭಾವ: ಅಂದರೆ ಒಂದು ಕಡೆಗೆ 45. ಆಲ್ಬಂ 38 ನಿಮಿಷವೂ ಇಲ್ಲ. ಏಳು ನಿಮಿಷ ಉಳಿದಿರಬೇಕು. ಅಜ್ಜಿ ಕೊನೆಯವರೆಗೂ ಹಾಡಿದ್ದರಾ?

ಅತ್ತೆ: ಟಕ್ ಅಂತ ನಿಲ್ಲುವವರೆಗೂ ಹಾಡಿದ್ದಳು. ನಿಂತ ಮೇಲೂ ಹಾಡುತ್ತಿದ್ದಳು.

ಮೈಸೂರಣ್ಣ: ಉಳಿದಿದೆ ಅತ್ತೆ. ಕೊನೆ ಹಾಡು ಮುಗಿದ ಕೂಡಲೇ ಅಜ್ಜಿ ಬರುತ್ತಾಳೆ. ಹಾಸ್ಟೆಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆಫ್ ಮಾಡಲು ಬಿಡುತ್ತಿರಲಿಲ್ಲ.

ಇನ್ನೊಂದು ಕಡೆ ಏನಾಯಿತು ಅಂತ ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಹನ್ನೊಂದೂವರೆವರೆಗೆ ಅತ್ತೆಯ ಸುದ್ದಿ ಇಲ್ಲ. ನಡುವೆ ಪುಟ್ಟಿ ಮೊದಲ ಸಲ ಬಾಯಿ ಬಿಟ್ಟಳು. "ನನಗೆ ಈ ತಂಡವೇ ಗೊತ್ತಿಲ್ಲ. ನಾನು ಕೇಳುವುದು ಕೊರಿಯಾದವರನ್ನು." ದೊಡ್ಡಪ್ಪ "ಅದು ಇನ್ನೂ ಅಪಾಯವೇ?" ಅಂತ ಕೇಳಿದರು. ಭಾವ "ಮೂಲ?" ಅಂತ ಬರೆದು, ಏನನ್ನಿಸಿತೋ, ಅಳಿಸಿದರು.

ಅತ್ತೆ: ಈಗ ಎಲ್ಲಿದೆ?

ಮೈಸೂರಣ್ಣ: ತೀರ್ಥಹಳ್ಳಿ ಮನೆ ಅಟ್ಟದಲ್ಲಿ. ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ.

ಅತ್ತೆ: ಅಣ್ಣ, ಹತ್ತಿಸು ಯಾರನ್ನಾದರೂ.

ದೊಡ್ಡಪ್ಪ: ಏಣಿ ಮುರಿದಿದೆ. ಯಾರು ಮುರಿದದ್ದು ಅಂತ ನನಗೆ ಗೊತ್ತು.

ನಮ್ಮಮ್ಮ: ನಾನಲ್ಲ.