‘ಫ್ಲೋರೈಡ್ ಮುಕ್ತ ದತ್ತಾಂಶ’: ಇಲ್ಲಿ ‘ಮುಕ್ತ’ ಯಾವ ಕಡೆಗೆ ಸೇರಬೇಕು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಪಾವಗಡ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಊರವರೇ ಕೊಳವೆಬಾವಿಗಳ ನೀರನ್ನು ಆಗಾಗ ಪರೀಕ್ಷಿಸಿ, ಬಂದ ಅಳತೆಗಳನ್ನು ಯಾರು ಬೇಕಾದರೂ ಪಡೆದು ಬಳಸಿಕೊಳ್ಳುವಂತೆ ಬಿಡುಗಡೆ ಮಾಡುವ ಕೆಲಸವೊಂದು ನಡೆಯುತ್ತಿದೆ. ಅದರ ಕನ್ನಡದ ಬರವಣಿಗೆಯನ್ನು, ಮೇಷ್ಟ್ರಾಗಿ ನಿವೃತ್ತನಾದವನೆಂಬ ಕಾರಣಕ್ಕೆ, ನನ್ನ ಪಾಲಿಗೆ ಬಿಟ್ಟಿದ್ದಾರೆ. ಆ ಬರವಣಿಗೆಯಲ್ಲಿ ನಾನೇ ಮಾಡಿದ ಒಂದು ತಪ್ಪಿನಿಂದ ಈ ಪ್ರಶ್ನೆ ಹುಟ್ಟಿದೆ.

ಮೊದಲ ಪಟ್ಟಿ ಸಿದ್ಧವಾದಾಗ ಅದಕ್ಕೆ ‘ಫ್ಲೋರೈಡ್ ಮುಕ್ತ ದತ್ತಾಂಶ’ ಎಂದು ತಲೆಬರಹ ಕೊಟ್ಟೆ. ಫ್ಲೋರೈಡ್‌ಗೆ ಸಂಬಂಧಿಸಿದ, ಎಲ್ಲರಿಗೂ ತೆರೆದಿರುವ ದತ್ತಾಂಶ (ಡೇಟಾ) ಎಂಬುದು ನನ್ನ ಮನಸ್ಸಿನಲ್ಲಿದ್ದ ಅರ್ಥ. ಪಟ್ಟಿಯನ್ನು ಪಂಚಾಯಿತಿ ಕಟ್ಟಡದ ಹೊರಗೋಡೆಗೆ ಅಂಟಿಸಿ ವಾರ ಕಳೆದಿರಲಿಲ್ಲ, ದಾರಿಯಲ್ಲಿ ಸಿಕ್ಕ ಅಜ್ಜಿಯೊಬ್ಬರು ನನ್ನನ್ನು ನಿಲ್ಲಿಸಿ, “ಮೇಷ್ಟ್ರೇ, ನಮ್ಮೂರ್ ನೀರಾಗೆ ಫ್ಲೋರೈಡ್ ಹೋಯ್ತಂತಲ್ಲ, ಗ್ವಾಡೆ ಮ್ಯಾಲೆ ಬರ್ದೈತಂತೆ. ಇನ್ಮ್ಯಾಲೆ ಕಾಯಿನ್ ಹಾಕಿ ಫಿಲ್ಟ್ರು ನೀರು ತರೋದು ಬ್ಯಾಡ ಅಲ್ವಾ?” ಎಂದು ಕೇಳಿದರು. ಅದೇ ಪಟ್ಟಿಯಲ್ಲಿ ಬಹುಪಾಲು ಬಾವಿಗಳ ಎದುರಿಗೆ ಇದ್ದದ್ದು, ಕುಡಿಯುವ ನೀರಿನ ಭಾರತೀಯ ಮಾನಕವು ಬೇರೆ ನೀರೇ ಸಿಗದ ಕಡೆ ಮಾತ್ರ ಒಪ್ಪುವ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನೂ ದಾಟಿದ ಅಂಕಿಗಳು. ಅಂದೇ ಹೋಗಿ ಹಾಳೆಯನ್ನು ಕಿತ್ತು ತಂದೆ.

ತಪ್ಪು ಅಜ್ಜಿಯದಲ್ಲ, ವ್ಯಾಕರಣ ಅವರ ಪರವಾಗಿಯೇ ಇದೆ. ಬಿಡುಗಡೆಯ ಅರ್ಥದ ‘ಮುಚ್’ ಧಾತುವಿನಿಂದ ಬಂದ ‘ಮುಕ್ತ’ವು ಸಮಾಸದ ಕೊನೆಯಲ್ಲಿ ನಿಂತಾಗ ಪಂಚಮೀ ತತ್ಪುರುಷವಾಗಿ, ಹಿಂದಿನ ಪದ ಹೇಳುವ ವಸ್ತುವಿನಿಂದ ಬಿಡುಗಡೆಯಾದದ್ದು ಎಂಬ ಅರ್ಥ ಕೊಡುತ್ತದೆ: ಋಣಮುಕ್ತ, ಭಯಮುಕ್ತ, ರೋಗಮುಕ್ತ. ಮೊದಲಲ್ಲಿ ನಿಂತಾಗ ತಡೆಯಿಲ್ಲದ್ದು, ತೆರೆದದ್ದು ಎಂಬ ಅರ್ಥ: ಮುಕ್ತಹಸ್ತ, ಮುಕ್ತಕಂಠ. ಮೈಸೂರಿನಲ್ಲಿ 1996ರಲ್ಲಿ ಆರಂಭವಾದ ಮುಕ್ತ ವಿಶ್ವವಿದ್ಯಾನಿಲಯದ ಹೆಸರಿನಲ್ಲಿಯೂ, ಕನ್ನಡ ವಿಕಿಪೀಡಿಯದ ‘ಮುಕ್ತ ವಿಶ್ವಕೋಶ’ದಲ್ಲಿಯೂ ಇರುವುದು ಈ ಎರಡನೆಯ ಅರ್ಥವೇ. ಎರಡು ನಾಮಪದಗಳ ನಡುವೆ ಸಿಕ್ಕಿಕೊಂಡ ‘ಮುಕ್ತ’ ಎಡಕ್ಕೂ ವಾಲಬಹುದು, ಬಲಕ್ಕೂ ವಾಲಬಹುದು. ಆದರೆ ಬಯಲು ಶೌಚ ಮುಕ್ತ ಗ್ರಾಮ, ಪೋಲಿಯೊ ಮುಕ್ತ ಭಾರತ, ಪ್ಲಾಸ್ಟಿಕ್ ಮುಕ್ತ ಪರಿಸರ ಎಂದು ಹಳ್ಳಿಯ ಗೋಡೆಗಳೇ ವರ್ಷಗಟ್ಟಲೆ ಪಾಠ ಹೇಳಿರುವುದರಿಂದ, ಎಡಗಡೆ ಬೇಡವಾದ ವಸ್ತುವೊಂದರ ಹೆಸರು ಕಂಡೊಡನೆ ಅದು ತೊಲಗಿತೆಂದೇ ಓದುಗರು ತಿಳಿಯುತ್ತಾರೆ. ಕೂಡಿಸಿ ಬರೆದರೆ ಒಂದು ಅರ್ಥ, ಬಿಡಿಸಿ ಬರೆದರೆ ಇನ್ನೊಂದು ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಗೋಡೆಬರಹಗಳು ಬಿಡಿಸಿಯೇ ಬರೆಯುತ್ತವೆ, ಮೇಲಾಗಿ ಆ ಅಜ್ಜಿ ಅದನ್ನು ಓದಿದವರಲ್ಲ, ಓದಿಸಿ ಕೇಳಿದವರು.

‘ಮುಕ್ತ’ವನ್ನೇ ಕೈಬಿಡೋಣವೆಂದು ಬೇರೆ ಪದಗಳನ್ನು ಹುಡುಕಿದೆ. ‘ತೆರೆದ’ ಎಂಬುದು ಅಚ್ಚಗನ್ನಡ, ಕಿವಿಗೂ ಹಿತ. ಆದರೆ ನೀರಿನ ವಿಷಯದಲ್ಲಿ ‘ತೆರೆದ ಬಾವಿ’ ಎಂಬುದು ಕೊಳವೆಬಾವಿಯಿಂದ ಬೇರೆಯಾದ, ಇಳಿದು ನೋಡಬಹುದಾದ ಬಾವಿಗೆ ಈಗಾಗಲೇ ನಿಂತುಹೋದ ಹೆಸರು. ‘ತೆರೆದ ಬಾವಿ ದತ್ತಾಂಶ’ ಎಂದು ಬರೆದರೆ ಹಳ್ಳ ತಪ್ಪಿಸಿ ಬಾವಿಗೆ ಬಿದ್ದಂತೆಯೇ ಸರಿ. ‘ಉಚಿತ’ ಎಂದರೆ ಮಾತು ಬರಿಯ ದುಡ್ಡಿಗೆ ನಿಲ್ಲುತ್ತದೆ. ‘ಸಾರ್ವಜನಿಕ’ ಎಂದರೆ ಅದು ಸರ್ಕಾರದ ಪಟ್ಟಿಯೆಂಬ ಭಾವನೆ ಬರುತ್ತದೆ. ಗೆಳೆಯರೊಬ್ಬರು ‘ಸರ್ವಮಾನ್ಯ’ ಹೇಗೆಂದರು. ಶಾಸನಗಳಲ್ಲಿ ಅದು ಎಲ್ಲ ತೆರಿಗೆಗಳನ್ನೂ ಬಿಟ್ಟುಕೊಟ್ಟ ದತ್ತಿಯ ಹೆಸರು, ಅಂದರೆ ಸುತ್ತಿ ಬಳಸಿ ಮತ್ತೆ ಎಡಕ್ಕೆ ವಾಲುವ ‘ಮುಕ್ತ’ದ ಅರ್ಥಕ್ಕೇ ಬಂದಂತಾಯಿತು!

ಹೆಚ್ಚು ಹತ್ತಿರ ಬಂದದ್ದು ‘ಬಹಿರಂಗ’. ಅದು ಸಾಲದೆಂಬುದನ್ನು ನನಗೆ ತೋರಿಸಿಕೊಟ್ಟವರು ಒಬ್ಬ ರೈತರು. ತಮ್ಮ ತೋಟದ ಕೊಳವೆಬಾವಿಯ ಅಳತೆಯನ್ನು ಊರ ಗೋಡೆಗೆ ಅಂಟಿಸಲು ಅವರ ತಕರಾರಿರಲಿಲ್ಲ. ಅದೇ ಅಳತೆಯನ್ನು ಯಾರೋ ಇಳಿಸಿಕೊಂಡು, ನಕ್ಷೆಯಲ್ಲಿ ಗುರುತಿಸಿ, ಇನ್ನೊಂದು ಕಡೆ ಪ್ರಕಟಿಸಬಹುದೆಂದು ವಿವರಿಸಿದಾಗ ಮಾತ್ರ, “ಅದಕ್ಕೆ ನನ್ನನ್ನ ಕೇಳ್ಬೇಕಾಗಿತ್ತು” ಎಂದರು. ಅವರ ಮಾತು ನ್ಯಾಯವಾದದ್ದೇ. ಗೋಡೆಯ ಮೇಲಿನ ಹಾಳೆ ಬಹಿರಂಗ. ಮರುಬಳಸಲು, ಬದಲಿಸಲು, ಮತ್ತೊಬ್ಬರಿಗೆ ದಾಟಿಸಲು ಮುಂಗಡವಾಗಿಯೇ ಅನುಮತಿ ಕೊಟ್ಟು, ಹೆಚ್ಚೆಂದರೆ ಮೂಲವನ್ನು ಹೇಳಿರೆಂದೋ, ಅದೇ ಷರತ್ತಿನಲ್ಲಿ ಮುಂದಕ್ಕೆ ಕೊಡಿರೆಂದೋ ಮಾತ್ರ ಕೇಳುವುದು ಮುಕ್ತ. ಕೇಂದ್ರ ಸರ್ಕಾರವು ತನ್ನ ದತ್ತಾಂಶಗಳಿಗಾಗಿ 2017ರಲ್ಲಿ ಹೊರಡಿಸಿದ ಪರವಾನಗಿಯ ತಿರುಳೂ ಈ ಅನುಮತಿಯೇ. ಕಾಣಿಸುವುದು ಮತ್ತು ಕೈಗೆ ಕೊಡುವುದು ಎಂಬ ಈ ವ್ಯತ್ಯಾಸವನ್ನು ಉಳಿಸಿಕೊಳ್ಳುವ ಪದ ನಮಗೆ ಬೇಕಾಗಿದೆ. ದಾರಿಹೋಕರು ಯಾರನ್ನೂ ಕೇಳದೆ ಕುಡಿದು ಹೋಗಲೆಂದು ಇಡುತ್ತಿದ್ದ ಅರವಟ್ಟಿಗೆಯಲ್ಲಿ ಆ ಭಾವ ಪೂರ್ತಿಯಾಗಿದೆ, ಆದರೆ ‘ಅರವಟ್ಟಿಗೆ ದತ್ತಾಂಶ’ ಎಂದು ಬರೆಯುವ ಧೈರ್ಯ ನನಗಿಲ್ಲ.

ಇನ್ನೆರಡು ಪದಗಳ ಮಾತು. ಅಳತೆಗಳನ್ನು ಇತರರಿಗೂ ಕೊಡುವುದಕ್ಕೆ ‘ಹಂಚಿಕೆ’ ಎನ್ನುವುದನ್ನು ನಾನು ಬಿಟ್ಟಿದ್ದೇನೆ. ‘ನೀರು ಹಂಚಿಕೆ’ ಎಂದೊಡನೆ ಕನ್ನಡಿಗರಿಗೆ ಕಾವೇರಿ ನೆನಪಾಗುತ್ತದೆ, ಅಲ್ಲದೆ ಹಂಚಿದ ನೀರು ಕೊಟ್ಟವರ ಪಾಲಿನಲ್ಲಿ ಕಡಿಮೆಯಾದಂತೆ ಹಂಚಿದ ಅಳತೆ ಕಡಿಮೆಯಾಗುವುದಿಲ್ಲ. ನೀರನ್ನು ಆಗಾಗ ಪರೀಕ್ಷಿಸುತ್ತಿರುವುದಕ್ಕೆ ‘ಮೇಲ್ವಿಚಾರಣೆ’ ಎಂದರೆ ಅದರಲ್ಲಿ ಪರೀಕ್ಷಾ ಕೊಠಡಿಯ ಅಧಿಕಾರದ ಧ್ವನಿ ಇದೆ, ಆದ್ದರಿಂದ ‘ನೀರಿನ ನಿಗಾ’ ಎಂದು ಬರೆಯುತ್ತಿದ್ದೇನೆ. ನಿಗಾ ಇಡುವುದು ಮನೆಯವರೂ ಮಾಡುವ ಕೆಲಸ.

‘ದತ್ತಾಂಶ’ದ ಬಗ್ಗೆಯೂ ನನಗೆ ಅನುಮಾನ ಶುರುವಾಗಿದೆ. ಪರೀಕ್ಷೆ ಮಾಡುವ ಹೆಣ್ಣುಮಕ್ಕಳಲ್ಲಿ ಒಬ್ಬರಾದರೂ ಆ ಪದವನ್ನು ಆಡುವುದಿಲ್ಲ. ನಾವು ಬಳಸುವ ಕಿಟ್‌ನಲ್ಲಿ ನೀರಿಗೆ ದ್ರಾವಣದ ಹನಿ ಬಿಟ್ಟಾಗ ಗುಲಾಬಿ ಬಣ್ಣವೇ ಉಳಿದರೆ ಫ್ಲೋರೈಡ್ ಕಡಿಮೆ, ಹಳದಿಗೆ ತಿರುಗಿದಷ್ಟೂ ಹೆಚ್ಚು. ಅವರು ಶೀಶೆಯನ್ನು ಬೆಳಕಿಗೆ ಹಿಡಿದು, ಬಣ್ಣದ ಪಟ್ಟಿಯ ಪಕ್ಕಕ್ಕಿಟ್ಟು, “ಹಳದಿ ಬಂತು, ರೀಡಿಂಗ್ ಬರ್ಕೊಳ್ಳೆ” ಎನ್ನುತ್ತಾರೆ. ಅವರ ‘ರೀಡಿಂಗ್’ಗೆ ‘ಅಳತೆ’ ಹತ್ತಿರ. ‘ದತ್ತಾಂಶ’ವಾದರೋ ಪಕ್ಕದಲ್ಲೇ ‘ಫ್ಲೋರೈಡ್ ಅಂಶ’ ಎಂದು ಬರೆಯಬೇಕಾದಾಗ ಅಂಶದ ಮೇಲೆ ಅಂಶ ಬಂದು ಮುಗ್ಗರಿಸುತ್ತದೆ. ಆದರೂ ಬಿಡಿಬಿಡಿಯಾದ ಅಂಕಿಗಳು ‘ಅಳತೆ’ಗಳಾಗಬಹುದು, ಬಾವಿ, ದಿನಾಂಕ, ಪರೀಕ್ಷಿಸಿದ ವಿಧಾನ ಎಲ್ಲವೂ ಸೇರಿದ ಇಡಿಯ ಕೋಷ್ಟಕವನ್ನು ‘ಅಳತೆ’ ಎನ್ನಲಾಗದು ಎಂಬ ಕಾರಣಕ್ಕೆ ‘ದತ್ತಾಂಶ’ವನ್ನು ಪೂರ್ತಿ ಬಿಡಲಾರದೆ ಇದ್ದೇನೆ.

ಸದ್ಯಕ್ಕೆ ಗೋಡೆಯ ಹಾಳೆಗೆ ‘ನಮ್ಮೂರ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಎಷ್ಟಿದೆ?’ ಎಂದು ಮಾತ್ರ ಬರೆದು ಅಂಟಿಸಿದ್ದೇನೆ. ಜಾಲತಾಣದಲ್ಲಿ ಇಳಿಸಿಕೊಳ್ಳಲು ಇಡುವ ಕೋಷ್ಟಕಕ್ಕೆ ‘ಫ್ಲೋರೈಡ್ ಅಳತೆಗಳು: ಮುಕ್ತ ಬಳಕೆಯ ದತ್ತಾಂಶ’ ಎಂದು ಕರಡು ಮಾಡಿದ್ದೇನೆ. ‘ಬಳಕೆ’ ಎಂಬ ಪದವನ್ನು ನಡುವೆ ತಂದದ್ದರಿಂದ ‘ಮುಕ್ತ’ ಬಲಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆಂಬುದು ನನ್ನ ಎಣಿಕೆ. ನಿಮ್ಮಲ್ಲಿ ಮೂರು ವಿಷಯ ಕೇಳಬೇಕಾಗಿದೆ. ಆ ವಿರಾಮಚಿಹ್ನೆ ಬಿದ್ದುಹೋದರೂ ಅರ್ಥ ಕೆಡದೆ ನಿಲ್ಲುತ್ತದೆಯೇ? ಬಲ್ಲವರಲ್ಲಿ ಬಳಕೆಗೆ ಬಂದಿರುವ ‘ಮುಕ್ತ ದತ್ತಾಂಶ’ವನ್ನು ಮುರಿದು ನಡುವೆ ಪದ ಸೇರಿಸಿದರೆ ಹುಡುಕುವವರಿಗೆ ತೊಡಕಾಗುವುದೇ? ಕೆರೆ, ಗೋಮಾಳ, ಗುಂಡುತೋಪುಗಳ ವ್ಯವಹಾರದಲ್ಲಿ, ಕೇಳದೆಯೇ ಬಳಸಬಹುದಾದದ್ದಕ್ಕೆ ನಿಮ್ಮ ಸೀಮೆಯಲ್ಲಿ ಆಡುವ ಪದವೇನಾದರೂ ಇದ್ದರೆ, ಅದನ್ನು ಆಡುವ ಒಂದು ವಾಕ್ಯದ ಸಮೇತ ತಿಳಿಸುವಿರಾ? ಮುಂದಿನ ಪಟ್ಟಿ ತಿಂಗಳ ಕೊನೆಗೆ ಹೊರಡಬೇಕಾಗಿದೆ.